ತಮ್ಮಾ, ಮೊದಲ ಸಂಬಳಕ್ಕೇ ಜಿಟಿ-ಆರ್ ಬೇಡ

ತಮ್ಮಾ, ಟೋಕಿಯೊದ ನಿಶಿ-ಕಸಾಯ್‌ನಲ್ಲಿ ಮನೆ ಸಿಕ್ಕಿತು, ಕೆಲಸಕ್ಕೂ ಹೊಂದಿಕೊಂಡೆ ಎಂದು ಓದಿ ಖುಷಿಯಾಯಿತು. ಮನೆ, ರೈಲು ಎಲ್ಲ ಎರಡೇ ಸಾಲಿನಲ್ಲಿ ಮುಗಿಸಿ ಉಳಿದದ್ದೆಲ್ಲ ಕಾರಿನ ಬಗ್ಗೆಯೇ ಕೇಳಿದ್ದೀಯ. ಫೆರಾರಿ, ಪೋರ್ಷೆಗಳಿಗೆ ಸಾಟಿಯಾಗುವ ಗಾಡಿಗಳು ಜಪಾನಿನಲ್ಲಿ ಅಗ್ಗಕ್ಕೆ ಸಿಗುತ್ತವಂತೆ ನಿಜವಾ ಅಣ್ಣ, ನಿಸಾನ್ ಕಂಪನಿಯ ಹಳೆಯ ಜಿಟಿ-ಆರ್ ಒಂದನ್ನು ಈಗಲೇ ತಗೊಳ್ಳಲಾ, ಇಲ್ಲಿ ಕಾರು ಇಟ್ಟುಕೊಂಡು ಬದುಕುವುದು ಹೇಗಿರುತ್ತದೆ ಅಂತ. ಸಾಟಿಯಾಗುವುದು ನಿಜ. ಆದರೆ ಜಿಟಿ-ಆರ್ ಈಗಲೇ ಬೇಡ.

ಸಾಟಿಯ ಮಾತು ಸುಮ್ನೆ ಹುಟ್ಟಿದ್ದಲ್ಲ. 2007ರ ಡಿಸೆಂಬರಿನಲ್ಲಿ ನಿಸಾನ್ ಆರ್35 ಜಿಟಿ-ಆರ್ ಬಂದಾಗ ಇಲ್ಲಿ ಅದರ ಬೆಲೆ 77 ಲಕ್ಷ 70 ಸಾವಿರ ಯೆನ್‌ನಿಂದ ಶುರುವಾಗುತ್ತಿತ್ತು. 3.8 ಲೀಟರ್‌ನ ವಿ6 ಎಂಜಿನ್, ಎರಡು ಟರ್ಬೊ, 480 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, ನಾಲ್ಕೂ ಚಕ್ರಕ್ಕೆ ಡ್ರೈವ್. ಮರುವರ್ಷ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ 7 ನಿಮಿಷ 29 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸಿದೆವು ಎಂದು ನಿಸಾನ್ ಹೇಳಿತು. ಪೋರ್ಷೆಯವರು ಅದನ್ನು ನಂಬಲಿಲ್ಲ, ಬಹಿರಂಗವಾಗಿಯೇ ತಕರಾರು ತೆಗೆದರು. ತೆಗೆಯದೆ ಇನ್ನೇನು ಮಾಡುತ್ತಾರೆ, ಅವರ 911 ಟರ್ಬೊ ಇದಕ್ಕಿಂತ ಎಷ್ಟೋ ದುಬಾರಿ ಅಲ್ವಾ! ಆ ಎಂಜಿನ್ನುಗಳನ್ನು ಯೊಕೊಹಾಮದ ಕಾರ್ಖಾನೆಯಲ್ಲಿ ಒಂದೊಂದನ್ನೂ ಒಬ್ಬೊಬ್ಬ ನುರಿತ ಕೆಲಸಗಾರ ಕೈಯಾರೆ ಜೋಡಿಸುತ್ತಿದ್ದ. 2025ರ ಆಗಸ್ಟ್‌ನಲ್ಲಿ ಅದರ ತಯಾರಿಕೆ ನಿಂತಿತು, ನನಗೆ ಬೇಜಾರಾಯಿತು.

ಅದಕ್ಕೂ ಮುಂಚೆ ಹೋಂಡಾ ಎನ್‌ಎಸ್‌ಎಕ್ಸ್ ಇತ್ತು. 1990ರಲ್ಲಿ ಸುಮಾರು 80 ಲಕ್ಷ ಯೆನ್. ಆಗಿನ ಫೆರಾರಿಗಳಿಗೆ ಎದುರಾಗಿ ನಿಲ್ಲಲೆಂದೇ ಕಟ್ಟಿದ್ದು, ಪೂರ್ತಿ ಅಲ್ಯೂಮಿನಿಯಂ ಬಾಡಿ, ಮತ್ತು ಅದನ್ನು ಹದ ಮಾಡುವಾಗ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ಸ್ವತಃ ಓಡಿಸಿ ಅಭಿಪ್ರಾಯ ಕೊಟ್ಟಿದ್ದರು. ಅದರಲ್ಲಿ ನನಗೆ ಬಹಳ ಹಿಡಿಸುವುದು ವೇಗವಲ್ಲ. ಕೂತರೆ ಸುತ್ತಲೂ ಚೆನ್ನಾಗಿ ಕಾಣುತ್ತದೆ, ಎಸಿ ಕೆಲಸ ಮಾಡುತ್ತದೆ, ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ. ಸೂಪರ್‌ಕಾರು ಎಂದರೆ ಕಷ್ಟ ಕೊಡಲೇಬೇಕು ಎಂಬ ನಂಬಿಕೆಯನ್ನು ಮುರಿದ ಗಾಡಿ ಅದು. ಮೆಕ್ಲಾರೆನ್ ಎಫ್1 ವಿನ್ಯಾಸ ಮಾಡಿದ ಗಾರ್ಡನ್ ಮರ್ರಿ, ತಮ್ಮ ಕಾರಿನ ಓಟ ಹೇಗಿರಬೇಕು ಎನ್ನುವುದಕ್ಕೆ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು.

ಇನ್ನೊಂದು ವಿಷಯ ಗೊತ್ತಿರಲಿ. 1989ರಿಂದ 2004ರವರೆಗೆ ಇಲ್ಲಿನ ಕಂಪನಿಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು 280 ಪಿಎಸ್‌ಗಿಂತ ಜಾಸ್ತಿ ಶಕ್ತಿಯ ಕಾರನ್ನು ಪ್ರಕಟಿಸುತ್ತಿರಲಿಲ್ಲ. ಕಾಗದದ ಮೇಲಿನ ಸಂಖ್ಯೆ ಏರಿಸುವ ಹಾಗಿಲ್ಲ ಎಂದ ಮೇಲೆ ತೂಕ, ಸಸ್ಪೆನ್ಷನ್, ನಾಲ್ಕು ಚಕ್ರದ ಹಿಡಿತ ಇವುಗಳ ಮೇಲೆ ತಲೆ ಓಡಿಸಿದರು ಎನ್ನುವುದು ನನ್ನ ಅನಿಸಿಕೆ. ಹಳೆಯ ತಲೆಮಾರಿನ ಜಿಟಿ-ಆರ್ ಆದ ಆರ್32 ಸ್ಕೈಲೈನ್, ಮಾರಾಟದ ಕಾರುಗಳನ್ನೇ ಹದ ಮಾಡಿ ಓಡಿಸುವ ಇಲ್ಲಿನ ಗ್ರೂಪ್ ಎ ರೇಸುಗಳಲ್ಲಿ ಓಡಿದ 29ರಲ್ಲಿ 29ನ್ನೂ ಗೆದ್ದದ್ದು ಆ ಕಾಲದಲ್ಲೇ.

ಆದರೆ ಈ ಹಳೆಯ ಗಾಡಿಗಳು ಈಗ ಅಗ್ಗವಲ್ಲ. ಅಮೆರಿಕದಲ್ಲಿ 25 ವರ್ಷ ದಾಟಿದ ಕಾರನ್ನು ಅಲ್ಲಿನ ಸುರಕ್ಷತಾ ನಿಯಮಗಳ ತೊಡಕಿಲ್ಲದೆ ತರಿಸಿಕೊಳ್ಳಬಹುದು, ಹಾಗಾಗಿ ಆರ್32, ಆರ್33, ಆರ್34 ಒಂದೊಂದಾಗಿ ಆ ವಯಸ್ಸು ಮುಟ್ಟಿದ ಹಾಗೆ ಇಲ್ಲಿನ ಬೆಲೆಗಳೂ ಹಾರಿದವು. ಆರ್35 ಕಥೆಯೇ ಬೇರೆ. ಹಳೆಯದು ಹೇಗೋ ನಿನ್ನ ಕೈಗೆ ಎಟುಕಿತು ಎಂದೇ ಇಟ್ಟುಕೋ. ಗಾಳಿ ಹೋದರೂ ಸ್ವಲ್ಪ ದೂರ ಓಡುವ 20 ಇಂಚಿನ ರನ್-ಫ್ಲಾಟ್ ಟೈರು, ದೊಡ್ಡ ಬ್ರೇಕು, ಹಿಂದೆ ಕೂತಿರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು, ಇವನ್ನೆಲ್ಲ ನೋಡಿಕೊಳ್ಳುವ ಖರ್ಚು ಗಾಡಿ ಹಳೆಯದಾಯಿತು ಅಂತ ಇಳಿಯುವುದಿಲ್ಲ. ವರ್ಷದ ತೆರಿಗೆಯೂ ಹಾಗೆಯೇ. ಎಂಜಿನ್ನಿನ ಗಾತ್ರ ನೋಡಿ ಹಾಕುತ್ತಾರೆ, 13 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಇನ್ನೂ ಜಾಸ್ತಿ. 2008ರ ಜಿಟಿ-ಆರ್‌ಗೆ ವರ್ಷಕ್ಕೆ 76,400 ಯೆನ್. ಎರಡೇ ಸೀಟಿನ ಹೊಸ 1.5 ಲೀಟರ್ ಮಾಜ್ದಾ ರೋಡ್‌ಸ್ಟರ್‌ಗೆ 30,500.

ಈಗ ಇಲ್ಲಿ ಕಾರು ಇಟ್ಟುಕೊಂಡು ಬದುಕುವ ಮಾತು. ಮೊದಲನೆಯದು ಜಾಗ. ಮನೆಯಿಂದ 2 ಕಿಲೋಮೀಟರ್ ಒಳಗೆ ಪಾರ್ಕಿಂಗ್ ಇದೆ ಎಂದು ಪೊಲೀಸ್ ಠಾಣೆಯಿಂದ ಪ್ರಮಾಣಪತ್ರ ತಂದರೇ ಗಾಡಿ ನಿನ್ನ ಹೆಸರಿಗೆ ಆಗುವುದು. ಇದನ್ನು ಶಾಕೊ ಶೋಮೆಯ್ ಅನ್ನುತ್ತಾರೆ. ಟೋಕಿಯೊ ನಡುಭಾಗದಲ್ಲಿ ಆ ಜಾಗಕ್ಕೆ ತಿಂಗಳಿಗೆ 30 ಸಾವಿರ ಯೆನ್ ದಾಟುವುದು ಮಾಮೂಲು. ಆಮೇಲೆ ಶಾಕೆನ್, ಅಂದರೆ ಕಡ್ಡಾಯ ತಪಾಸಣೆ. ಹೊಸ ಗಾಡಿಗೆ ಮೂರು ವರ್ಷಕ್ಕೆ ಮೊದಲನೆಯದು, ಅಲ್ಲಿಂದ ಎರಡೆರಡು ವರ್ಷಕ್ಕೊಮ್ಮೆ. ಹಿಂದಿನ ಮಾಲೀಕ ತನಗಿಷ್ಟ ಬಂದಂತೆ ಸೈಲೆನ್ಸರ್ ಬದಲಿಸಿ, ನೆಲದಿಂದ 9 ಸೆಂಟಿಮೀಟರ್‌ಗಿಂತ ಕೆಳಗೆ ಇಳಿಸಿಟ್ಟಿದ್ದರೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ, ಮತ್ತೆ ಮೊದಲಿನ ಹಾಗೆ ಮಾಡಿಸುವ ಖರ್ಚು ನಿನ್ನದು. ಕಡ್ಡಾಯ ವಿಮೆ ಸಾಕಾಗುವುದಿಲ್ಲ, ಬೇರೆ ವಿಮೆ ಮಾಡಿಸಲೇಬೇಕು. ಹೊಸಬರು 6ನೇ ದರ್ಜೆಯಿಂದ ಶುರು ಮಾಡುತ್ತಾರೆ, ಅಪಘಾತವಿಲ್ಲದೆ ಓಡಿಸಿದರೆ ವರ್ಷಕ್ಕೊಂದು ದರ್ಜೆ ಏರಿ ಕಂತು ಇಳಿಯುತ್ತದೆ. ನಿನ್ನ ವಯಸ್ಸು ಇನ್ನೂ 26 ಆಗಿಲ್ಲದಿದ್ದರೆ ಕಂತು ಕೇಳಿ ಗಾಬರಿಯಾಗಬೇಡ.

ಲೈಸೆನ್ಸ್ ವಿಷಯ ತಡ ಮಾಡಬೇಡ. ಊರಿನಿಂದ ತಂದ ಅಂತಾರಾಷ್ಟ್ರೀಯ ಪರ್ಮಿಟ್ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಆಮೇಲೆ ನಮ್ಮ ಲೈಸೆನ್ಸನ್ನು ಇಲ್ಲಿನದಕ್ಕೆ ಬದಲಿಸಿಕೊಳ್ಳಬೇಕು, ಭಾರತದವರಿಗೆ ಲಿಖಿತ ಪರೀಕ್ಷೆಯೂ ಇದೆ, ಓಡಿಸಿ ತೋರಿಸುವ ಪರೀಕ್ಷೆಯೂ ಇದೆ. 2025ರ ಅಕ್ಟೋಬರ್‌ನಿಂದ ಬಿಗಿ ಮಾಡಿದ್ದಾರೆ. 50 ಪ್ರಶ್ನೆಗಳಲ್ಲಿ 45 ಸರಿ ಬರಬೇಕು. ಲೈಸೆನ್ಸ್ ಸಿಕ್ಕ ಮೇಲೆ ಕನಿಷ್ಠ ಮೂರು ತಿಂಗಳು ಭಾರತದಲ್ಲೇ ಇದ್ದೆ ಎಂದು ತೋರಿಸಬೇಕು, ಹಳೆಯ ಪಾಸ್‌ಪೋರ್ಟ್ ಇದ್ದರೆ ತರಿಸಿಕೋ. ಪರೀಕ್ಷೆಯನ್ನು ಗೇರು ಗಾಡಿಯಲ್ಲೇ ಕೊಡು. ಆಟೊಮ್ಯಾಟಿಕ್‌ನಲ್ಲಿ ಕೊಟ್ಟರೆ ಲೈಸೆನ್ಸೂ ಆಟೊಮ್ಯಾಟಿಕ್‌ಗೆ ಮಾತ್ರ ಬರುತ್ತದೆ, ಮತ್ತೆ ನೀನು ಆಸೆಪಡುವ ಅರ್ಧ ಗಾಡಿಗಳನ್ನು ಮುಟ್ಟುವ ಹಾಗಿಲ್ಲ.

ವೇಗದ ಬಗ್ಗೆ ನೇರವಾಗಿ ಹೇಳುತ್ತೇನೆ. ಇಲ್ಲಿ ಎಕ್ಸ್‌ಪ್ರೆಸ್‌ವೇ ಮಿತಿ ಸಾಮಾನ್ಯವಾಗಿ 100, ಶಿನ್-ತೊಮೆಯ್‌ನ ಕೆಲವು ಕಡೆ 120. ಬೆಟ್ಟಗಳ ಊರಾದ ಹಾಕೊನೆಗೆ ಹೋಗುವ ಒದಾವರಾ-ಅತ್ಸುಗಿ ರಸ್ತೆಯಲ್ಲಿ 70, ಅಲ್ಲಿ ಮಫ್ತಿ ಪೊಲೀಸ್ ಕಾರುಗಳು ಓಡಾಡುತ್ತಲೇ ಇರುತ್ತವೆ. ಸಾಮಾನ್ಯ ರಸ್ತೆಯಲ್ಲಿ ಮಿತಿಗಿಂತ 30 ಜಾಸ್ತಿ ಹೋದರೆ ಅದು ದಂಡ ಕಟ್ಟಿ ಮರೆಯುವ ಸಂಗತಿಯಲ್ಲ, ಅಪರಾಧ ಪ್ರಕರಣ. ಲೈಸೆನ್ಸ್ ಅಮಾನತಾಗುತ್ತದೆ, ಮುಂದೆ ಶಾಶ್ವತ ವಾಸಕ್ಕೆ ಅರ್ಜಿ ಹಾಕಿದಾಗಲೂ ಅದನ್ನು ನೋಡುತ್ತಾರೆ. 480 ಪಿಎಸ್ ಇಟ್ಟುಕೊಂಡು ಮಿತಿಯೊಳಗೇ ಓಡಿಸುತ್ತಾ ಕೂತರೆ ಆ ಗಾಡಿಗೆ ಮೈ ಬಿಸಿಯೂ ಆಗುವುದಿಲ್ಲ.

ಹಾಗಾಗಿ ನನ್ನ ಮಾತು ಕೇಳುವುದಾದರೆ ಹಗುರವಾದದ್ದನ್ನು ನೋಡು. ರೋಡ್‌ಸ್ಟರ್ ಈಗಿನ ಮಾದರಿ 2015ರಲ್ಲಿ ಬಂದಾಗ ಎಸ್ ಗ್ರೇಡ್‌ನ ತೂಕ 990 ಕಿಲೊ, ಬೆಲೆ 25 ಲಕ್ಷ ಯೆನ್ ಒಳಗೆ. ಬರೀ 131 ಪಿಎಸ್. ಆದರೆ ಹಾಕೊನೆಯ ತಿರುವುಗಳಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹಾಕುತ್ತಾ ಏರುವಾಗ ಎಂಜಿನ್ನಿನ ಅಷ್ಟೂ ಶಕ್ತಿ ನಿನ್ನ ಕಾಲ ಕೆಳಗೆ ಕೆಲಸ ಮಾಡುತ್ತಿರುತ್ತದೆ, ಟೈರಿನ ಹಿಡಿತ ಎಲ್ಲಿ ಮುಗಿಯುತ್ತದೆ ಎಂದು ಬೆನ್ನಿಗೇ ತಿಳಿಯುತ್ತದೆ, ಮಿತಿಯೊಳಗೇ ಇದ್ದೂ ಮನಸ್ಸು ತುಂಬುತ್ತದೆ. ನಾನು ಇಟ್ಟುಕೊಂಡಿರುವುದೂ ಇದೇ. ಹಿಂದೆ ಎರಡು ಸೀಟು ಬೇಕು, ಸ್ವಲ್ಪ ಜಾಸ್ತಿ ಶಕ್ತಿ ಬೇಕು ಅಂದರೆ ಟೊಯೊಟಾ ಜಿಆರ್86. 2.4 ಲೀಟರ್, 235 ಪಿಎಸ್, ತಯಾರಾಗುವುದು ಗುನ್ಮಾದ ಸುಬಾರು ಕಾರ್ಖಾನೆಯಲ್ಲಿ.

ಮತ್ತೆ ಸೂಪರ್‌ಕಾರಿಗೆ ಸಾಟಿ ಎಂಬ ಮಾತಿಗೆ ಈಗ ನಿಜವಾದ ಉತ್ತರ ಟೊಯೊಟಾದ್ದೇ ಜಿಆರ್ ಯಾರಿಸ್. ಮೂರೇ ಸಿಲಿಂಡರ್, 1.6 ಲೀಟರ್, ನಾಲ್ಕು ಚಕ್ರದ ಡ್ರೈವ್, 2020ರಲ್ಲಿ ಬಂದಾಗ 272 ಪಿಎಸ್. ಆಗ ಆರ್‌ಝಡ್ ಗ್ರೇಡ್‌ಗೆ 39 ಲಕ್ಷ 60 ಸಾವಿರ ಯೆನ್. ರ‍್ಯಾಲಿಗಾಗಿ ಹುಟ್ಟಿದ ಗಾಡಿ. ಕಿರಿದಾದ, ಒದ್ದೆಯಾದ ಬೆಟ್ಟದ ರಸ್ತೆಯಲ್ಲಿ ಅಗಲವಾದ ಇಟಾಲಿಯನ್ ಕಾರು ಇದರ ಹಿಂದೆ ಬರುವುದೇ ಕಷ್ಟ. ಸಿವಿಕ್ ಟೈಪ್ ಆರ್ ಕೂಡ ಅದ್ಭುತ, 330 ಪಿಎಸ್, ಮುಂದಿನ ಚಕ್ರದ ಡ್ರೈವ್‌ನಲ್ಲೇ 2023ರಲ್ಲಿ ನ್ಯೂರ್ಬರ್ಗ್‌ರಿಂಗ್ ಅನ್ನು 7 ನಿಮಿಷ 44 ಸೆಕೆಂಡಿನಲ್ಲಿ ಮುಗಿಸಿತು. ಆದರೆ ಮೊದಲ ಗಾಡಿಗೆ ದುಬಾರಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಹರಾಜಿನ ಶೀಟ್, ಅಂದರೆ ಹಳೆಯ ಕಾರುಗಳ ಹರಾಜಿನಲ್ಲಿ ಗಾಡಿಯನ್ನು ಪರೀಕ್ಷಿಸಿ ಬರೆದ ವರದಿ, ಕೇಳು. ಅದರಲ್ಲಿ ಗ್ರೇಡ್ ಇರುತ್ತದೆ. ಆರ್ ಎಂದಿದ್ದರೆ ಚೌಕಟ್ಟಿಗೆ ಪೆಟ್ಟು ಬಿದ್ದು ರಿಪೇರಿ ಆಗಿದೆ ಎಂದು ಅರ್ಥ, ಬೆಲೆ ಎಷ್ಟೇ ಇಳಿಸಿದರೂ ನಿನಗೆ ಬೇಡ. ಕೊಳ್ಳುವ ಮೊದಲು ಒಂದು ದಿನ ಬಾಡಿಗೆಗೆ ತಗೊಂಡು ಓಡಿಸು, ಸ್ಪೋರ್ಟ್ಸ್ ಕಾರು ಬಾಡಿಗೆಗೆ ಕೊಡುವವರು ಇಲ್ಲಿ ಇದ್ದಾರೆ. ಪೂರ್ತಿ ವೇಗದ ಆಸೆ ತೀರದಿದ್ದರೆ ತ್ಸುಕುಬಾ, ಫುಜಿ ಸರ್ಕ್ಯೂಟ್‌ಗಳಲ್ಲಿ ಸಾಮಾನ್ಯರಿಗೆಂದೇ ನಡೆಸುವ ದಿನಗಳಿವೆ, ಹೆಲ್ಮೆಟ್ ಹಾಕಿ ದುಡ್ಡು ಕಟ್ಟಿ ಹೋಗು.

ಅಲ್ಲಿಯವರೆಗೆ ಯಾವುದಾದರೂ ಭಾನುವಾರ ರೈಲಿನಲ್ಲಿ ಯೊಕೊಹಾಮಕ್ಕೆ ಬಾ, ನನ್ನ ಗಾಡಿಯಲ್ಲೇ ಹಾಕೊನೆಗೆ ಹೋಗೋಣ. ಆರು ಗಂಟೆಗೆಲ್ಲ ಹೊರಡಬೇಕು, ಆಮೇಲೆ ಬಸ್ಸುಗಳು ತುಂಬಿಬಿಡುತ್ತವೆ.