ಕೈ ಕೊಸರಿಕೊಂಡದ್ದೂ ಅಪರಾಧವೇ?

ಪತ್ರ: ಒಂದು ಸಂಜೆ ಮಫ್ತಿಯಲ್ಲಿ ಬಂದ ಇಬ್ಬರು ನನ್ನ ತಮ್ಮನ ತೋಳು ಹಿಡಿದು ಎಳೆದರು. ಅವನು ಕೊಸರಿಕೊಂಡ. ಅವರು ಪೊಲೀಸರು ಅಂತ ಆಮೇಲೆ ಗೊತ್ತಾಯಿತು. ಈಗ ಹಳೇ ಜಗಳದ ಕೇಸಿನ ಜೊತೆ ಬಂಧನಕ್ಕೆ ಅಡ್ಡಿ ಮಾಡಿದ ಕೇಸೂ ಸೇರಿದೆ. ಕೈ ಬಿಡಿಸಿಕೊಂಡದ್ದೇ ತಪ್ಪಾ?

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಆಮೇಲೆ ಗೊತ್ತಾಯಿತು’ ಅಂತ ಬರೆದಿದ್ದೀರಲ್ಲ, ವಕೀಲರಿಗೆ ಮೊದಲು ಹೇಳಬೇಕಾದ್ದು ಅದನ್ನೇ.

ನಿಮ್ಮ ತಮ್ಮನ ಮೇಲೆ ಹಾಕಿರುವುದು ಭಾರತೀಯ ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆಗಳನ್ನು ಹೇಳುವ ಕಾನೂನು) 262ನೇ ಸೆಕ್ಷನ್ ಇರಬೇಕು. 2024ರ ಜುಲೈ 1ಕ್ಕೆ ಮುಂಚೆ ಇದೇ ಐಪಿಸಿ 224 ಆಗಿತ್ತು. 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಜಾಮೀನು ಸಿಗುತ್ತದೆ. ಆದರೆ ಎಫ್‌ಐಆರ್‌ನಲ್ಲಿ 132 ಕೂಡ ಇದೆಯಾ ನೋಡಿ. ಅದು ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರರ ಮೇಲೆ ಕೈಮಾಡಿದ ಆರೋಪ, ಜಾಮೀನುರಹಿತ.

262ರ ಪ್ರಕಾರ ಅಡ್ಡಿಯನ್ನು ಬೇಕೆಂದೇ ಮಾಡಿರಬೇಕು, ಬಂಧನವೂ ಕಾನೂನುಬದ್ಧವಾಗಿರಬೇಕು. ಗುರುತಿಲ್ಲದವರು ತೋಳು ತಿರುಚಿದರೆ ಯಾರಾದರೂ ಕೊಸರುತ್ತಾರೆ. ಭುಜ ಚುಳುಕ್ ಅಂದಾಗ ಕೈ ತಾನಾಗೇ ಹಿಂದಕ್ಕೆ ಬರುತ್ತದೆ, ಅಲ್ವಾ? ಅದಕ್ಕೇ ಬಂಧಿಸುವವರ ಹೆಸರು ಎದ್ದು ಕಾಣುವಂತಿರಬೇಕು, ಕಾರಣ ಹೇಳಬೇಕು, ಬಂಧನದ ಮೆಮೊ ಬರೆದು ಮನೆಯವರೊಬ್ಬರ ಅಥವಾ ಅಲ್ಲಿನ ಗೌರವಸ್ಥರೊಬ್ಬರ ಸಹಿ ಪಡೆಯಬೇಕು. ಇದರಲ್ಲಿ ಹೆಸರಿನದು, ಮೆಮೊದ್ದು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮಗಳು. ಈಗ ಎಲ್ಲವೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ (ಬಂಧನ, ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು) ಸೇರಿವೆ.

ಒಂದು ಕಹಿ ಮಾತನ್ನೂ ಹೇಳಬೇಕು. ‘ಹಿಡಿದದ್ದೇ ತಪ್ಪು, ಅದಕ್ಕೇ ತಳ್ಳಿದೆ’ ಅನ್ನುವ ವಾದ ನಮ್ಮಲ್ಲಿ ಜಾಸ್ತಿ ನಡೆಯುವುದಿಲ್ಲ. ಪೊಲೀಸರು ಅಂತ ಗೊತ್ತಿದ್ದು, ಅವರು ಸದುದ್ದೇಶದಿಂದ ಕೆಲಸ ಮಾಡುತ್ತಿದ್ದು, ಜೀವಭಯವೋ ತೀವ್ರ ಗಾಯದ ಭಯವೋ ಇಲ್ಲದಿದ್ದರೆ, ಕ್ರಮದಲ್ಲಿ ಲೋಪವಿದ್ದರೂ ಆತ್ಮರಕ್ಷಣೆಯ ಹಕ್ಕು ಕೈಗೆ ಬರುವುದಿಲ್ಲ. ನ್ಯಾಯ ಸಂಹಿತೆಯ 37ನೇ ಸೆಕ್ಷನ್ ಹೀಗೇ ಹೇಳುತ್ತದೆ. ಅದರೊಳಗೇ ಒಂದು ವಿವರಣೆಯೂ ಇದೆ: ಎದುರಿಗಿರುವವರು ಸರ್ಕಾರಿ ನೌಕರರು ಅಂತ ಗೊತ್ತಿಲ್ಲದಿದ್ದರೆ, ತಿಳಿಯಲು ಕಾರಣವೂ ಇಲ್ಲದಿದ್ದರೆ, ಆ ಹಕ್ಕು ಹೋಗುವುದಿಲ್ಲ. ನಿಮ್ಮ ತಮ್ಮ ನಿಲ್ಲಬಹುದಾದ ಜಾಗ ಇದು.

‘ಯಾಕೆ ಹಿಡಿದಿರಿ, ಯಾವ ಕೇಸು?’ ಅಂತ ಕೇಳುವುದು ಅಡ್ಡಿಯಲ್ಲ, ಎಷ್ಟು ಸಲ ಬೇಕಾದರೂ ಕೇಳಬಹುದು. ಆದರೆ ಮನೆಯವರು ಮಧ್ಯೆ ನುಗ್ಗಿ ಬಿಡಿಸಲು ಹೋದರೆ ಅವರ ಮೇಲೇ 263 ಬೀಳುತ್ತದೆ.

ಸುಮ್ನೆ ಕೊರಗಬೇಡಿ. ಮೆಮೊದ ಪ್ರತಿ ತರಿಸಿ. ಅದರಲ್ಲಿ ಬರೆದ ಹೊತ್ತು, ಸಾಕ್ಷಿಯ ಸಹಿ ನೋಡಿ. ಅಕ್ಕಪಕ್ಕದ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಕೇಳಿ ಇಟ್ಟುಕೊಳ್ಳಿ. ತಮ್ಮನ ತೋಳಿನ ಮೇಲೆ ಬೆರಳಿನ ಗುರುತು ಇನ್ನೂ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ಬರೆಸಿಕೊಳ್ಳಿ.