ಓದುಗರ ಪ್ರಶ್ನೆ: ಹಿನ್ನೆಲೆಗೆ ಯಾವ ಬಿಳಿ?

ಪ್ರಶ್ನೆ: ಎರಡು ವರ್ಷಗಳಿಂದ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿಯಂಥ ಕ್ವಿಲ್ಟ್ ಹೊಲಿಯುತ್ತಿದ್ದೇನೆ. ಈವರೆಗೆ ಹೊಲಿದ ಮೂರಕ್ಕೂ ಅಚ್ಚ ಬಿಳಿ ಬಟ್ಟೆಯೇ ಹಿನ್ನೆಲೆ. ಈಗ ಸಣ್ಣ ಹೂವಿನ ಪ್ರಿಂಟ್‌ಗಳಲ್ಲಿ 12 ಇಂಚಿನ 42 ನಕ್ಷತ್ರದ ಬ್ಲಾಕ್‌ಗಳನ್ನು (ತುಂಡುಗಳನ್ನು ಜೋಡಿಸಿ ಹೊಲಿದ ಚೌಕಗಳನ್ನು) ಮಾಡಬೇಕೆಂದಿದ್ದೇನೆ. ಸಾಸಿವೆ ಹಳದಿ, ಕಡುಗೆಂಪು, ಎಲೆಹಸಿರು ಬಣ್ಣಗಳಿವೆ. ಕೈಯಲ್ಲಿ ಹಿಡಿದರೆ ಚೆಂದ, ಬಿಳಿಯ ಮೇಲಿಟ್ಟರೆ ಮಾಸಿದಂತೆ ಕಾಣುತ್ತವೆ. ತಂಗಿ ಬೂದು ಹಾಕು ಎನ್ನುತ್ತಾಳೆ. ಒಂದು ಸಾದಾ ಬಟ್ಟೆ ಆರಿಸುವುದು ಇಷ್ಟು ಕಷ್ಟವೇ? ಎಷ್ಟು ಕೊಳ್ಳಬೇಕು?

ಉತ್ತರ: ಕಷ್ಟವೇ. ಪ್ರಿಂಟ್ ಬಟ್ಟೆ ಕಣ್ಣಿಗೆ ಹಿಡಿಸಿದರೆ ಕೊಂಡುಬಿಡಬಹುದು. ಹಿನ್ನೆಲೆಯ ಬಟ್ಟೆಯನ್ನು ಅದೊಂದನ್ನೇ ನೋಡಿ ಆರಿಸಲು ಬರುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಪ್ರಿಂಟ್‌ಗಳನ್ನೇ ಇನ್ನೊಮ್ಮೆ ನೋಡಿ. ಹೂವಿನ ಎಸಳಲ್ಲೋ ನಡುವಿನ ಚುಕ್ಕೆಯಲ್ಲೋ ಚೂರು ಬಿಳಿ ಇರುತ್ತದಲ್ಲ, ಅದು ಯಾವ ಬಿಳಿ? ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ನೋಡಿ. ಅದು ಕೆನೆಬಣ್ಣವಾಗಿದ್ದರೆ ನಿಮ್ಮ ಸಂಕಟದ ಮೂಲ ಸಿಕ್ಕಿತು. ಕೆನೆಯ ಪಕ್ಕ ಅಚ್ಚ ಬಿಳಿ ಬಂದರೆ ಕೆನೆ ಕೊಳೆಯಂತೆ ಕಾಣುತ್ತದೆ. ನಾನು ಹಿನ್ನೆಲೆ ಆರಿಸುವುದು ಯಾವಾಗಲೂ ಪ್ರಿಂಟಿನೊಳಗಿನ ಬಿಳಿಯನ್ನು ನೋಡಿಯೇ.

ಅಚ್ಚ ಬಿಳಿಗೆ ಇನ್ನೊಂದು ಗುಣವೂ ಇದೆ. ಅದಕ್ಕೆ ಸಾಮಾನ್ಯವಾಗಿ ಹೊಳಪುಕಾರಕ ಹಾಕಿರುತ್ತಾರೆ. ಅದು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಸೂಸುತ್ತದೆ. ಹಗಲಿನಲ್ಲಿ ಅಷ್ಟು ಚುರುಕಾಗಿ ಕಂಡ ಬಿಳಿ ರಾತ್ರಿ ಎಲ್‌ಇಡಿ ದೀಪದಡಿ ಸಪ್ಪೆಯಾಗುವುದು ಇದರಿಂದಲೇ. ಆ ದೀಪಗಳಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ.

ಪ್ಯಾರಿಸ್ಸಿನ ಗೊಬೆಲಾಂ ಚಿತ್ರನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಮಿಶೆಲ್ ಯುಜೀನ್ ಶೆವ್ರಲ್ ಅವರಿಗೆ ಒಮ್ಮೆ ಒಂದು ದೂರು ಬಂತು. ಅಲ್ಲಿನ ಕಪ್ಪು ನೂಲಿಗೆ ಕಸುವಿಲ್ಲ ಎಂಬ ದೂರು. ಅವರು ಬೇರೆ ಕಡೆಯ ಕಪ್ಪು ನೂಲುಗಳೊಂದಿಗೆ ಹೋಲಿಸಿ ನೋಡಿದರು, ಬಣ್ಣದಲ್ಲಿ ಕುಂದಿರಲಿಲ್ಲ. ನೀಲಿ, ನೇರಳೆ ನೂಲುಗಳ ಪಕ್ಕ ನೇಯ್ದಾಗ ಅದೇ ಕಪ್ಪು ಕಳೆಗುಂದಿದಂತೆ ಕಾಣುತ್ತಿತ್ತು. ಅವರು ಇದನ್ನೆಲ್ಲ ವಿವರವಾಗಿ ಬರೆದು ಪ್ರಕಟಿಸಿದ್ದು 1839ರಲ್ಲಿ. ನಿಮ್ಮ ಹೂಗಳಿಗೆ ಆಗಿರುವುದೂ ಅದೇ, ಅವು ಮಾಸಿಲ್ಲ.

ತಂಗಿಯ ಮಾತನ್ನು ತಳ್ಳಿಹಾಕಬೇಡಿ. ಆದರೆ ಬೂದಿನಲ್ಲಿ ನೀಲಿ ಬೆರೆತದ್ದು ಬೇರೆ, ಕಂದು ಬೆರೆತದ್ದು ಬೇರೆ. ನಿಮ್ಮ ಸಾಸಿವೆಗೂ ಕಡುಗೆಂಪಿಗೂ ಕಂದು ಬೆರೆತ ತೀರ ತಿಳಿ ಬೂದು ಒಪ್ಪೀತು. ನಡುವಣ ಗಾಢತೆಯ ಬೂದು ಮಾತ್ರ ಬೇಡ, ಎಲೆಹಸಿರು ಅದರೊಳಗೆ ಮುಳುಗಿಬಿಡಬಹುದು. ಪರೀಕ್ಷಿಸುವುದು ಸುಲಭ. ಕೆನೆ, ತಿಳಿ ಬೂದು, ಅಚ್ಚ ಬಿಳಿ ಮೂರರಲ್ಲೂ ಒಂದೊಂದು ಅಂಗೈಯಗಲದ ತುಂಡು ತಂದು, ಮೇಲೆ ಪ್ರಿಂಟಿನ ಚೂರುಗಳನ್ನು ಸಿಕ್ಕಿಸಿ ಗೋಡೆಗೆ ಅಂಟಿಸಿ. ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ನಕ್ಷತ್ರದ ಮೊನೆ ಯಾವುದರ ಮೇಲೆ ಕರಗಿಹೋಗುತ್ತದೋ ಅದನ್ನು ಕಿತ್ತುಹಾಕಿ. ಉಳಿದವನ್ನು ಎರಡು ದಿನ ಅಲ್ಲೇ ಬಿಡಿ. ಬೆಳಗ್ಗೆ ಏಳುತ್ತಲೇ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ನೋಡಿದರೆ ಯಾವುದು ಬೇಕೆಂದು ನಿಮಗೇ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ ಕೆನೆ.

ಎಷ್ಟು ಕೊಳ್ಳಬೇಕೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ನಕ್ಷತ್ರದ ನಾಲ್ಕು ಮೂಲೆಗಳಿಗೆ 3 ಇಂಚಿನ ಚೌಕಗಳೆಂದು ಇಟ್ಟುಕೊಳ್ಳೋಣ. ಸುತ್ತಲೂ ಹೊಲಿಗೆಗೆ ಕಾಲಿಂಚು ಸೇರಿಸಿ 3.5 ಇಂಚಿಗೆ ಕತ್ತರಿಸಬೇಕು. 42 ಬ್ಲಾಕ್‌ಗಳಿಗೆ 168 ಚೌಕಗಳು. ಕರೆ (ಬಟ್ಟೆಯ ಎರಡು ಬದಿಯ ನೇಯ್ದ ಅಂಚು) ಬಿಟ್ಟು 40 ಇಂಚು ಅಗಲ ಸಿಕ್ಕರೆ ಒಂದು ಪಟ್ಟಿಯಲ್ಲಿ 11 ಚೌಕ, ಅಂದರೆ 16 ಪಟ್ಟಿ, 56 ಇಂಚು ಉದ್ದ. ಇದು ಮೂಲೆಗಳಿಗಷ್ಟೇ. ತ್ರಿಕೋನಗಳಿಗೂ ಅಂಚಿಗೂ ಹೀಗೆಯೇ ಎಣಿಸಿ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಶೇ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ತಪ್ಪಾಗಿ ಕತ್ತರಿಸುವುದೂ ಇದ್ದದ್ದೇ. ಒಟ್ಟಿನ ಮೇಲೆ ಶೇ 15ರಷ್ಟು ಹೆಚ್ಚು ತೆಗೆದುಕೊಳ್ಳಿ.

ಒಂದೇ ಸಲಕ್ಕೆ, ಒಂದೇ ಥಾನಿನಿಂದ ತೆಗೆದುಕೊಳ್ಳಿ. ನಾನು ಒಮ್ಮೆ ಅರ್ಧ ಮೀಟರ್ ಸಾಲದೆ ಹೋಗಿ ಅದೇ ಅಂಗಡಿಯಲ್ಲಿ ಅದೇ ನಂಬರಿನ ಕೆನೆಬಣ್ಣ ತಂದೆ. ಹೊಲಿಯುವಾಗ ವ್ಯತ್ಯಾಸ ಕಾಣಲಿಲ್ಲ. ಮುಗಿಸಿ ಕಿಟಕಿಯ ಎದುರು ಎತ್ತಿ ಹಿಡಿದಾಗ ಕೆಳಗಿನ ಎರಡು ಸಾಲು ಒಂದು ಎಳೆ ಗುಲಾಬಿಯತ್ತ ಓಡಿದ್ದವು. ಬಟ್ಟೆಗೆ ಬಣ್ಣ ಹಾಕಿದ ಸರದಿ ಬೇರೆಯಾದರೆ ಛಾಯೆಯೂ ಬೇರೆಯಾಗುತ್ತದೆ. ಹನ್ನೆರಡು ಬ್ಲಾಕ್‌ಗಳನ್ನು ಬಿಚ್ಚಿ, ಎರಡು ಬಗೆಯ ಕೆನೆಯನ್ನೂ ಇಡೀ ಕ್ವಿಲ್ಟಿಗೆ ಹರಡಿ ಮತ್ತೆ ಹೊಲಿದೆ.

ಕೆನೆಯಂಥ ತಿಳಿ ಬಟ್ಟೆ ತೀರ ತೆಳುವಾಗಿದ್ದರೆ ಒಳಗೆ ಮಡಿಸಿದ ಕಡುಗೆಂಪಿನ ಅಂಚು ಮೇಲಕ್ಕೆ ನೆರಳಿನಂತೆ ತೋರುತ್ತದೆ. ಕೊಳ್ಳುವಾಗ ಬಟ್ಟೆಯ ಕೆಳಗೆ ಬೆರಳಿಟ್ಟು ನೋಡಿ. ಇಸ್ತ್ರಿ ಮಾಡುವಾಗ ಹೊಲಿಗೆಯ ಅಂಚನ್ನು ಗಾಢ ಬಣ್ಣದ ಕಡೆಗೇ ಮಡಿಸಿ.

ಪ್ರಶ್ನೆ: ಸಾದಾ ತಿಳಿನೀಲಿ ಹಿನ್ನೆಲೆ ಹಾಕಿದ್ದೆ. ಒಂದೇ ತುಂಡಿನಿಂದ ಕತ್ತರಿಸಿದ್ದರೂ ಕೆಲವು ಚೌಕಗಳು ಹಸಿರಾಗಿ ಕಾಣುತ್ತಿವೆ. ಬಣ್ಣ ಹೋಯಿತೇ?

ಉತ್ತರ: ಹೋಗಿಲ್ಲ. ಒಂದು ಎಳೆ ಬಿಚ್ಚಿ ನೋಡಿ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇದ್ದೀತು. ಅಂಥ ಬಟ್ಟೆಯ ತುಂಡು ಅಡ್ಡಕ್ಕೆ ತಿರುಗಿದರೆ ಬೆಳಕು ಬೀಳುವ ರೀತಿಯೇ ಬದಲಾಗುತ್ತದೆ. ನನಗೆ ಅದು ಬಹಳ ಇಷ್ಟ, ಬಟ್ಟೆಗೆ ಜೀವ ಬಂದಂತಿರುತ್ತದೆ. ಒಂದೇ ಛಾಯೆ ಬೇಕಿದ್ದರೆ ಕತ್ತರಿಸಿದ ಕೂಡಲೇ ಪ್ರತಿ ತುಂಡಿನ ಹಿಂಬದಿಗೆ ಹಾಸಿನ ದಿಕ್ಕಿನಲ್ಲಿ ಚಾಕ್‌ನಿಂದ ಒಂದು ಬಾಣ ಹಾಕಿಡಿ.

ಪ್ರಶ್ನೆ: ಕಪ್ಪು ಹಿನ್ನೆಲೆ ಹಾಕಬಹುದೇ?

ಉತ್ತರ: ಖಂಡಿತ. ಢಾಳಾದ ಬಣ್ಣಗಳು ಅದರ ಮೇಲೆ ಬೆಳಗುತ್ತವೆ. ಮೇಲಿನ ಮತ್ತು ಕೆಳಗಿನ ಬಟ್ಟೆಗಳ ನಡುವೆ ಇಡುವ ಪದರ ಬಿಳಿ ಹತ್ತಿಯದಾದರೆ ಅದರ ನಾರು ಹೊಲಿಗೆಯ ತೂತುಗಳಿಂದ ಹೊರಬಂದು ಕಪ್ಪಿನ ಮೇಲೆ ಕಾಣಬಹುದು, ಆದ್ದರಿಂದ ಗಾಢ ಬಣ್ಣದ ಪದರ ಹಾಕಿ. ಕತ್ತರಿಸುವ ಮೊದಲು ಒಂದು ತುಂಡನ್ನು ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಿಳಿ ಬಟ್ಟೆಯ ಮೇಲೆ ಒಣಗಲು ಹಾಕಿ. ಕಲೆ ಬಿದ್ದರೆ ಬಣ್ಣ ನಿಲ್ಲುವವರೆಗೆ ಇಡೀ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.