ಶಾಲೆಯ ಆ ಪತ್ರಕ್ಕೆ ಹೆದರಬೇಡಿ, ಮನೆಯ ಫೋನ್ ನೋಡಿಕೊಳ್ಳಿ

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಇನ್ನೂ ಸಾಮಾನು ಬಿಚ್ಚಿಲ್ಲ, ಅಷ್ಟರಲ್ಲೇ ಮಗನ ಶಾಲೆಯಿಂದ ‘ಪ್ರಿವೆಂಟ್’ (ಜನ ಉಗ್ರವಾದದ ಕಡೆ ಹೋಗದಂತೆ ತಡೆಯುವ ಇಲ್ಲಿನ ಸರ್ಕಾರದ ಯೋಜನೆ) ಅಂತ ಪತ್ರ ಬಂದಿದೆ, ಪೊಲೀಸರು ಮಕ್ಕಳ ಮೇಲೆ ಕಣ್ಣಿಡುತ್ತಾರಾ, ಶಾಲೆಯಲ್ಲಿ ರಾಜಕೀಯ ಮಾತಾಡಬೇಡ ಅಂತ ಅವನಿಗೆ ಹೇಳಲಾ ಎಂದು ಕೇಳಿದ್ದೀರಿ. ನಾವು ಹುಬ್ಬಳ್ಳಿಯಿಂದ ಬಂದಾಗ ಇಂಥ ಪತ್ರ ಇರಲಿಲ್ಲ. ಮಗಳ ಡಬ್ಬಿಗೆ ಏನು ಹಾಕಿ ಕಳಿಸೋದು ಅನ್ನೋದೇ ಆಗ ದೊಡ್ಡ ಚಿಂತೆ.

2015ರ ಫೆಬ್ರವರಿಯಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್‌ನ ಒಂದೇ ಶಾಲೆಯ ಮೂವರು ಹುಡುಗಿಯರು ಮನೆಯವರಿಗೆ ಸುಳಿವೂ ಕೊಡದೆ ಐಸಿಸ್ ಸೇರಲು ಸಿರಿಯಾಕ್ಕೆ ಹೋದರು. ಹದಿನೈದು, ಹದಿನಾರರ ಮಕ್ಕಳು. ಅದೇ ವರ್ಷದ ಜುಲೈಯಿಂದ, ಮಕ್ಕಳು ಉಗ್ರವಾದದ ಕಡೆ ಜಾರದಂತೆ ನೋಡಿಕೊಳ್ಳುವುದು ಶಾಲೆಗಳ ಕಾನೂನುಬದ್ಧ ಹೊಣೆಯಾಯಿತು. ಪ್ರತಿ ಶಾಲೆಯಲ್ಲೂ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತ ಒಬ್ಬ ಹಿರಿಯ ಸಿಬ್ಬಂದಿ ಇರುತ್ತಾರೆ. ಅನುಮಾನ ಬಂದರೆ ವಿಷಯ ಮೊದಲು ಅವರ ಹತ್ತಿರ ಹೋಗುತ್ತದೆ. ತೀರಾ ಬೇಕಾದರೆ ಮಾತ್ರ ‘ಚಾನೆಲ್’ ಅನ್ನೋ ಸಮಿತಿಗೆ. ಆ ಸಮಿತಿ ಕೊಡುವ ನೆರವಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಅದು ಶಿಕ್ಷೆ ಅಲ್ಲ, ಕ್ರಿಮಿನಲ್ ದಾಖಲೆಯೂ ಆಗಲ್ಲ. ಆದರೆ ಹೆಸರು ಎಲ್ಲೋ ಬರೆದಿಟ್ಟಿರುತ್ತಾರೆ, ಅದೂ ನಿಜ. ನಮ್ಮನ್ನೇ ಗುರಿ ಮಾಡ್ತಾರೆ ಅಂತ ಇಲ್ಲಿನ ಮುಸ್ಲಿಂ ಮನೆಗಳಲ್ಲಿ ನೋವಿದೆ. ಆ ನೋವನ್ನು ಹಗುರವಾಗಿ ತಗೊಳ್ಳಬೇಡಿ.

‘ಇದೆಲ್ಲ ಅವರಿಗೆ, ನಮ್ಮ ಮಕ್ಕಳಿಗಲ್ಲ’ ಅಂತ ಯಾರಾದರೂ ನಿಮಗೆ ಹೇಳ್ತಾರೆ. ನಂಬಬೇಡಿ.

2022ರ ಆಗಸ್ಟ್ ಕೊನೆಯಲ್ಲಿ ಏಷ್ಯಾ ಕಪ್‌ನಲ್ಲಿ ಭಾರತ–ಪಾಕಿಸ್ತಾನ ಪಂದ್ಯ ಮುಗಿದ ರಾತ್ರಿ ಇಲ್ಲಿ ಲೆಸ್ಟರ್‌ನಲ್ಲಿ ಹಿಂದೂ–ಮುಸ್ಲಿಂ ಗಲಾಟೆ ಶುರುವಾಯಿತು. ಸೆಪ್ಟೆಂಬರ್ ಪೂರ್ತಿ ಹೊಗೆ ಆಡಿತು. ಹುಡುಗಿಯೊಬ್ಬಳನ್ನು ಅಪಹರಿಸಲು ನೋಡಿದರು ಅಂತ ಸುದ್ದಿ ಹಬ್ಬಿತು. ಅಂಥದ್ದೇನೂ ನಡೆದಿಲ್ಲ ಅಂತ ಪೊಲೀಸರೇ ಹೇಳಿದರು, ಆದರೆ ಅಷ್ಟರಲ್ಲಿ ಅದು ಸಾವಿರಾರು ಫೋನ್ ದಾಟಿತ್ತು. ನಮ್ಮ ಪರಿಚಯದ ಮನೆಯ ಹುಡುಗ, ನಿಮ್ಮ ಮಗನ ವಯಸ್ಸೇ, ಊಟದ ತಟ್ಟೆ ಪಕ್ಕ ಫೋನ್ ಇಟ್ಟುಕೊಂಡು ಒಂದು ವಿಡಿಯೋ ತೋರಿಸಿದ. ದಾವಣಗೆರೆಯ ಚಿಕ್ಕಪ್ಪ ಮನೆಯವರ ಗ್ರೂಪಿಗೆ ಹಾಕಿದ್ದು. ಎಲ್ಲಿಯದು, ಯಾವಾಗಿನದು, ಯಾರಿಗೂ ಗೊತ್ತಿಲ್ಲ. ಅದಕ್ಕೊಂದು ಕೆಟ್ಟ ಸಾಲು ಸೇರಿಸಿ ತರಗತಿಯ ಗೆಳೆಯರಿಗೂ ಕಳಿಸಿದ್ದ. ಶಾಲೆಯಿಂದ ಕರೆ ಬಂತು. ಅಪ್ಪ ಅಮ್ಮ ನಾಲ್ಕು ಜನ ಏನಂತಾರೋ ಅಂತ ಹೆದರಿ ಫೋನ್ ಕಿತ್ತುಕೊಂಡು, ಇನ್ಮೇಲೆ ಬಾಯಿ ಮುಚ್ಚಿಕೊಂಡಿರು ಅಂದರು. ಅವನು ಮನೆಯಲ್ಲಿ ಮಾತು ಬಿಟ್ಟ. ಆಟದ ಚಾಟ್‌ನಲ್ಲಿ ಗುರುತಿಲ್ಲದ ದೊಡ್ಡವರ ಜೊತೆ ಮಾತಾಡತೊಡಗಿದ, ಅಲ್ಲಿ ದ್ವೇಷ ಇನ್ನೂ ಜಾಸ್ತಿ. ಕೊನೆಗೆ ಅವನನ್ನು ಹತ್ತಿರ ಕೂರಿಸಿಕೊಂಡು ಕೇಳಿದ್ದು ಅವನ ಇತಿಹಾಸದ ಟೀಚರ್. ಚಿಕ್ಕಪ್ಪನ ಗ್ರೂಪಿನಲ್ಲಿ ಮಾತ್ರ ಇವತ್ತಿಗೂ ಯಾರೂ ಒಂದು ಮಾತು ಅಂದಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಊರಲ್ಲಿದ್ದರೆ ಆ ಹುಡುಗ ರಂಜಾನ್‌ಗೆ ಪಕ್ಕದ ಮನೆಯ ಸುರ್‌ಕುಂಬಾ ಕುಡಿಯುತ್ತಿದ್ದ, ಯುಗಾದಿಗೆ ಒಬ್ಬಟ್ಟು ಕೊಟ್ಟು ಬರುತ್ತಿದ್ದ. ಇಲ್ಲಿ ಹುಟ್ಟಿದವನಿಗೆ ಊರು ಅಂದರೆ ಫಾರ್ವರ್ಡ್ ಆಗಿ ಬರೋ ವಿಡಿಯೋ ಮಾತ್ರ. ನಿಮ್ಮ ಮಗ ಮೈಸೂರಿನ ಬೀದಿ ಕಂಡವನು, ಅದು ದೊಡ್ಡ ಆಸ್ತಿ. ಅವನಿಗೆ ಕನ್ನಡ ತಪ್ಪಿಸಬೇಡಿ, ಅಜ್ಜನ ಜೊತೆ ಅವನೇ ನೇರವಾಗಿ ಮಾತಾಡಲಿ.

ಹಾಗಾಗಿ ಶಾಲೆಯಲ್ಲಿ ಸುಮ್ನಿರು ಅಂತ ದಯವಿಟ್ಟು ಹೇಳಬೇಡಿ. ಜಗಳದ ವಿಷಯವೂ ತರಗತಿಯಲ್ಲೇ ಚರ್ಚೆಯಾಗಲಿ ಅಂತಲೇ ಶಾಲೆಗಳು ಬಯಸುತ್ತವೆ, ಮತ್ತು ಒಂದೇ ಪಕ್ಷದ ಪರ ಪಾಠ ಮಾಡೋಕೆ ಕಾನೂನು ಬಿಡಲ್ಲ. ಮನೆಗೆ ಬಂದ ವಿಡಿಯೋನ ಅವನ ಜೊತೆ ಕೂತು ನೋಡಿ, ಇದು ಎಲ್ಲಿಯದು ಅಂತ ಅವನ ಕೈಲೇ ಹುಡುಕಿಸಿ. ಪೇರೆಂಟ್ಸ್ ಈವ್ನಿಂಗ್ ದಿನ ಸುರಕ್ಷತೆಯ ಹೊಣೆ ಹೊತ್ತ ಆ ಸಿಬ್ಬಂದಿ ಯಾರು ಅಂತ ಕೇಳಿ, ಪರಿಚಯ ಮಾಡಿಕೊಳ್ಳಿ. ಇಂಗ್ಲಿಷ್‌ನಲ್ಲಿ ಮಾತಾಡೋಕೆ ಮುಜುಗರ ಅನ್ನಿಸಿದರೆ ಹೇಳಿ, ನಾನೂ ಬರುತ್ತೇನೆ.